ಬೇಬಿಯಮ್ಮನ ಕಿವಿಮಾತು

ಸ್ಟುಡಿಯೋದ ಕಾರು ಬರುವುದು ಎಂಟಕ್ಕೆ. ಕಾಗದ ಬಂದದ್ದು ಏಳೂ ಕಾಲಿಗೆ. ನಡುವಿನ ಮುಕ್ಕಾಲು ಗಂಟೆಯಲ್ಲಿ ಬೇಬಿಯಮ್ಮ ಮಗಳ ತಲೆ ಬಾಚಿದಳು, ಹಾಲು ಕಾಯಿಸಿದಳು, ಕಾಯಿಸಿದ ಹಾಲನ್ನು ಮತ್ತೊಮ್ಮೆ ಒಲೆಯ ಮೇಲಿಟ್ಟಳು, ಒಣಗಿದ ಬಟ್ಟೆಗಳನ್ನು ಮಡಚಿ ಜೋಡಿಸಿ, ಯಾಕೆಂದು ತಿಳಿಯದೆ ಎಲ್ಲವನ್ನೂ ಬಿಡಿಸಿ ಮತ್ತೆ ಮಡಚಿದಳು. ಕಾಗದ ಅವಳ ಕೈಚೀಲದಲ್ಲಿ, ಸೂಜಿದಾರದ ಡಬ್ಬಿಯ ಅಡಿಯಲ್ಲಿತ್ತು. ಅದರಲ್ಲಿದ್ದದ್ದು ಎರಡೇ ಸಾಲು. ಗಂಡನ ಹೆಸರು, ಅವನ ನಂಬರು, ಕರ್ತವ್ಯದಲ್ಲಿದ್ದಾಗ ಮೃತನಾದನೆಂದು ತಿಳಿಸಲು ವಿಷಾದಿಸುತ್ತೇವೆ. ಕೆಳಗಿನ ಸಹಿ ಯಾರದೆಂದು ಓದಲು ಆಗುವಂತಿರಲಿಲ್ಲ.

ಬಂದವರು ಯಾರೆಂದು ಮಗಳು ಬಚ್ಚಲಿನಿಂದಲೇ ಕೇಳಿದ್ದಳು. ಟಪಾಲಿನವರು, ಮನೆ ತಪ್ಪಿ ಬಂದಿದ್ದರು ಎಂದು ಬೇಬಿಯಮ್ಮ ಹೇಳಿದಳು. ಯೋಚಿಸಿ ಹೇಳಿದ ಸುಳ್ಳಲ್ಲ. ಬಾಯಿಗೆ ಅಭ್ಯಾಸವಾಗಿಹೋಗಿತ್ತು, ತಾನಾಗಿ ಬಂತು.

ಅತ್ತೆ ಮನೆಯಲ್ಲಿರಲಿಲ್ಲ. ಸೀಮೆಎಣ್ಣೆಯ ಸಾಲಿನಲ್ಲಿ ಜಾಗ ಹಿಡಿಯಲು ಬೆಳಗಿನ ಐದಕ್ಕೇ ಹೋದವರು ಮಧ್ಯಾಹ್ನದ ಮೊದಲು ಬರುವವರಲ್ಲ. ಅಷ್ಟು ಹೊತ್ತಾದರೂ ಈ ಸುದ್ದಿ ಕೈಚೀಲದೊಳಗೇ ಇರುತ್ತದೆ. ಸಂಜೆ ಶೂಟಿಂಗ್ ಮುಗಿದ ಮೇಲೆ ಮಗಳನ್ನೂ ಅತ್ತೆಯನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರಾಯಿತು ಎಂದು ಬೇಬಿಯಮ್ಮ ಲೆಕ್ಕ ಹಾಕಿದಳು. ತನ್ನ ಪಾಲಿನ ಅಳುವನ್ನು ಯಾವಾಗ ಅಳುವುದೆಂದು ಅವಳು ಯೋಚಿಸಲಿಲ್ಲ. ಕಾರಿನ ಹಾರನ್ ಕೇಳಿಸಿತು.

ಮಗಳಿಗೆ ಒಂಬತ್ತು ವರ್ಷ, ಸ್ಟುಡಿಯೋದ ಕಾಗದಪತ್ರಗಳಲ್ಲಿ ಏಳು. ಮನೆಯಲ್ಲಿ ಅವಳು ಗುಲಗಂಜಿ, ಅಪ್ಪ ಇಟ್ಟ ಅಡ್ಡಹೆಸರು. ಸ್ಟುಡಿಯೋದಲ್ಲಿ ಬೇಬಿ. ಸಿನಿಮಾ ಮಂದಿರಗಳಲ್ಲಿ, ಶಾಲೆಯ ಗೋಡೆಗಳ ಮೇಲೆ, ಗಡಿಯಲ್ಲಿ ಸೈನಿಕರಿಗೆ ಪರದೆ ಕಟ್ಟಿ ತೋರಿಸುವ ಡೇರೆಗಳಲ್ಲಿ ಅವಳು ‘ನಾಡಿನ ಕಂದ’. ತಾಯಿಗೂ ಒಂದು ಹೆಸರಿತ್ತು. ಆದರೆ ಮೂರು ವರ್ಷದಿಂದ ಯಾರೂ ಆ ಹೆಸರಿನಿಂದ ಕರೆದಿರಲಿಲ್ಲ. ಬೇಬಿಯ ಅಮ್ಮ ಸವೆದು ಸವೆದು ಬೇಬಿಯಮ್ಮ ಆಗಿದ್ದಳು.

ಅದಕ್ಕೂ ಮುಂಚೆ ಅವಳು ಅದೇ ಸ್ಟುಡಿಯೋದ ಉಡುಪಿನ ಕೋಣೆಯಲ್ಲಿ ಗುಂಡಿ ಹಾಕುತ್ತಿದ್ದಳು. ಗಂಡ ಸೆಟ್ಟು ಕಟ್ಟುವ ಬಡಗಿ. ಅರಮನೆಯ ಕಂಬ, ಜೈಲಿನ ಬಾಗಿಲು, ಮೂರೇ ಗೋಡೆಯ ಆಸ್ಪತ್ರೆ, ಒಂದೇ ಮಗ್ಗುಲಿನ ರೈಲುಡಬ್ಬಿ, ಎಲ್ಲವೂ ಅವನ ಕೈಯವೇ. ಯುದ್ಧ ಶುರುವಾದ ವರ್ಷ ಸೈನ್ಯದವರು ಬಡಗಿಗಳನ್ನು ಕರೆದಾಗ ಅವನೂ ಹೋದ. ಇಲ್ಲಿ ನಿಲ್ಲದ ಸೇತುವೆ ಕಟ್ಟುತ್ತಿದ್ದೆ, ಅಲ್ಲಿ ನಿಲ್ಲುವ ಸೇತುವೆ ಕಟ್ಟಬೇಕಂತೆ, ಅಷ್ಟೇ ವ್ಯತ್ಯಾಸ ಎಂದು ನಗುತ್ತ ಹೊರಟಿದ್ದ.

ಅವನು ಹೋದ ಎರಡು ತಿಂಗಳಿಗೆ ಡೈರೆಕ್ಟರ ಕಣ್ಣು ಗುಲಗಂಜಿಯ ಮೇಲೆ ಬಿತ್ತು. ನಗುವಿಗೆ ಏನೂ ತೊಂದರೆಯಿರಲಿಲ್ಲ, ಹುಡುಗಿ ಹುಟ್ಟಾ ನಗುಮುಖದವಳು. ಅಳುವೇ ಕಷ್ಟವಾಯಿತು. ಕಣ್ಣಿಗೆ ಗ್ಲಿಸರಿನ್ ಹಾಕಿದರೆ ರೆಪ್ಪೆ ಊದಿಕೊಂಡು ಕಪ್ಪೆಯಂತಾಗುತ್ತಿತ್ತು. ಅದೂ ಅಲ್ಲದೆ ಆ ನೀರು ಹರಿಯುವುದಿಲ್ಲ, ಎಣ್ಣೆಯ ಹಾಗೆ ಕೂತುಬಿಡುತ್ತದೆ ಎಂದು ಕ್ಯಾಮೆರಾದವನು ಮೂಗು ಮುರಿಯುತ್ತಿದ್ದ. ಒಂದು ದಿನ ಮೂವತ್ತು ಜನ ದೀಪ ಉರಿಸಿಕೊಂಡು ಕಾಯುತ್ತಿದ್ದಾಗ, ಡೈರೆಕ್ಟರು ಮಗುವಿಗೆ ಗದರುವುದನ್ನು ನೋಡಲಾರದೆ, ಬೇಬಿಯಮ್ಮ ತಾನೇ ಹೋಗಿ ಮಗಳ ಕಿವಿಯಲ್ಲಿ ಹೇಳಿದಳು, ಮನೆಯ ಹಿಂದಿನ ಬೆಕ್ಕಿನ ಮರಿ ಸತ್ತುಹೋಯಿತೆಂದು. ಮಗು ಅತ್ತಿತು. ಕ್ಯಾಮೆರಾ ತಿರುಗಿತು. ‘ಕಟ್’ ಎಂದ ಕೂಡಲೇ ಅವಳು ಓಡಿಹೋಗಿ ಮಗಳನ್ನು ಅವುಚಿಕೊಂಡು, ಸುಳ್ಳು ಮರಿ, ಎಲ್ಲ ಸುಳ್ಳು, ಬೆಕ್ಕಿನ ಮರಿ ಗಟ್ಟಿಮುಟ್ಟಾಗಿದೆ ಎಂದಳು. ಗದರುವುದಕ್ಕಿಂತ ಇದೇ ವಾಸಿ ಅಂದುಕೊಂಡಳು. ತಾಯಿಯಾದವಳಿಗೆ ಅದು ದಯೆಯಾಗಿಯೇ ಕಂಡಿತ್ತು.

ಅಲ್ಲಿಂದ ಅದು ಪದ್ಧತಿಯಾಯಿತು. ಸೆಟ್ಟಿನಲ್ಲಿ ಎಲ್ಲರೂ ಅದನ್ನು ‘ಬೇಬಿಯಮ್ಮನ ಕಿವಿಮಾತು’ ಎನ್ನುತ್ತಿದ್ದರು. ಬರೀ ‘ಸತ್ತಿತು’ ಎಂದರೆ ಕಣ್ಣೀರು ಬರುವುದಿಲ್ಲ ಎಂಬುದನ್ನು ಅವಳು ಬೇಗ ಕಲಿತಳು. ಕಣ್ಣೀರು ಬರುವುದು ಸಣ್ಣ ಸಣ್ಣ ಸಂಗತಿಗಳಿಂದ. ಬೆಕ್ಕಿನ ಮರಿಯ ಒಂದು ಕಾಲು ಮಡಚಿತ್ತು, ಮೂಗಿನ ಮೇಲೆ ಮಣ್ಣಿತ್ತು, ಹಾಲಿನ ಬಟ್ಟಲು ಪಕ್ಕದಲ್ಲೇ ಹಾಗೇ ಇತ್ತು. ಬೆಕ್ಕು ಮುಗಿದ ಮೇಲೆ ಬೊಂಬೆ, ಬೊಂಬೆ ಮುಗಿದ ಮೇಲೆ ಪಕ್ಕದ ಮನೆಯ ಗೆಳತಿ, ಆಮೇಲೆ ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದದ್ದು. ಹೋದ ವರ್ಷ ಒಂದು ದೊಡ್ಡ ದೃಶ್ಯಕ್ಕೆ ಬೇರೇನೂ ಉಳಿಯದೆ ಅವಳು ಕಿವಿಮಾತಿಗೆ ಅಪ್ಪನನ್ನೇ ತಂದಳು. ಬೂಟಿನ ಲಾಡಿ ಬಿಚ್ಚಿತ್ತಂತೆ, ಕಟ್ಟಿಕೊಳ್ಳಲು ಬಗ್ಗಿದರಂತೆ, ಆಗ ಗುಂಡು ಬಂತಂತೆ. ಮಗಳ ಎಡಗಣ್ಣಿನಿಂದ ಒಂದು ಹನಿ ಕೆನ್ನೆಯ ಅರ್ಧಕ್ಕೆ ಬಂದು ನಿಂತಿತು. ಆ ಚಿತ್ರವೇ ಪೋಸ್ಟರಾಗಿ ಊರೂರಿಗೆ ಹೋಯಿತು. ಗಡಿಯಲ್ಲಿದ್ದ ಅಪ್ಪನೂ ಅದನ್ನು ಡೇರೆಯ ಹೊರಗೆ ನೋಡಿ ಪತ್ರ ಬರೆದ. ನಮ್ಮ ಗುಲಗಂಜಿ ಬಲು ಚೆನ್ನಾಗಿ ಅತ್ತಿದ್ದಾಳೆ, ಏನು ಹೇಳಿ ಅಳಿಸಿದೆ ಎಂದು ಕೇಳಿದ್ದ. ಬೇಬಿಯಮ್ಮ ಉಳಿದದ್ದಕ್ಕೆಲ್ಲ ಉತ್ತರ ಬರೆದು ಅದೊಂದನ್ನು ಬಿಟ್ಟಿದ್ದಳು.

ಅತ್ತೆಗೆ ಮಾತ್ರ ವಿಷಯ ಹೇಗೋ ತಿಳಿದುಹೋಗಿತ್ತು. ಅವರು ಜಗಳವಾಡಲಿಲ್ಲ. “ಬಾಯಲ್ಲಿ ಆಡಿದ್ದು ಬಾಗಿಲಿಗೆ ಬರುತ್ತೆ ಕಣಮ್ಮ,” ಎಂದು ಒಂದೇ ಮಾತು ಹೇಳಿ ಸುಮ್ಮನಾಗಿದ್ದರು.

ಕಾರಿನಲ್ಲಿ ಕೂತ ಬೇಬಿಯಮ್ಮನ ಕಾಲು ಒಂದೇ ಸಮನೆ ಅಲ್ಲಾಡುತ್ತಿತ್ತು. ಅಮ್ಮ, ಸೀಟು ನಡುಗ್ತಿದೆ ಎಂದು ಮಗಳು ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು. ಆ ಕಾಲು ನಿಂತಿತು, ಸ್ವಲ್ಪ ಹೊತ್ತಿಗೆ ಇನ್ನೊಂದು ಕಾಲು ಶುರುವಾಯಿತು.

ಆ ದಿನದ ದೃಶ್ಯ ರೈಲುನಿಲ್ದಾಣ. ಸಿನಿಮಾದ ಅಪ್ಪ ಯುದ್ಧಕ್ಕೆ ಹೊರಡುತ್ತಾನೆ, ಮಗಳು ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಕೈಬೀಸುತ್ತಾಳೆ, ಅಳುವುದಿಲ್ಲ. ಅಳಬಾರದೆಂಬುದು ಪ್ರಚಾರ ಕಚೇರಿಯ ಆಜ್ಞೆ. ಹೊರದೇಶದ ಪತ್ರಿಕೆಯೊಂದು ಹೋದ ವರ್ಷದ ಪೋಸ್ಟರನ್ನು ಅಚ್ಚುಹಾಕಿ, ಈ ದೇಶದ ಮಕ್ಕಳು ಆಗಲೇ ಅಳುತ್ತಿದ್ದಾರೆ, ಇನ್ನೆಷ್ಟು ದಿನ ತಡೆದಾರು ಎಂದು ಬರೆದಿತ್ತಂತೆ. ಅಂದಿನಿಂದ ಕಚೇರಿಯ ಅಧಿಕಾರಿಯೊಬ್ಬರು ದಿನವೂ ಸೆಟ್ಟಿಗೆ ಬಂದು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮೊದಲು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಮಾತು ಮೆದು, ಕಣ್ಣು ಯಾವಾಗಲೂ ಗಡಿಯಾರದ ಮೇಲೆ. ಹೋದ ವರ್ಷ ಅಳು ಕಡ್ಡಾಯ, ಈ ವರ್ಷ ಅಳು ನಿಷೇಧ, ಬರುವ ವರ್ಷ ಅಳುವುದಕ್ಕೂ ರೇಷನ್ ಚೀಟಿ ಕೊಡುತ್ತಾರೆ ನೋಡು ಎಂದು ಕ್ಯಾಮೆರಾದವನು ಅವರ ಬೆನ್ನ ಹಿಂದೆ ಅನ್ನುತ್ತಿದ್ದ.

ಬೆಳಗಿನ ಶಾಟುಗಳು ಸರಾಗವಾಗಿ ನಡೆದವು. ಮಗಳು ನಿಂತಳು, ಕೈಬೀಸಿದಳು, ನಕ್ಕಳು. ಬೇಬಿಯಮ್ಮ ಮಾತ್ರ ಒಂದು ಕಡೆ ನಿಲ್ಲಲಿಲ್ಲ. ದೀಪದ ಹಿಂದೆ ಹೋದಳು, ನೀರಿನ ಕೊಡದ ಬಳಿ ಬಂದಳು, ಕೈಚೀಲ ತೆರೆದು ಮುಚ್ಚಿದಳು, ಮಗಳ ಫ್ರಾಕಿನ ಗಟ್ಟಿಯಾಗೇ ಇದ್ದ ಗುಂಡಿಯನ್ನು ಇನ್ನೊಮ್ಮೆ ಹೊಲಿದಳು. ಅಮ್ಮಾ, ನನ್ನನ್ನೂ ಸೇರಿಸಿ ಹೊಲೀತಿದ್ದೀಯ ಎಂದು ಮಗಳು ನಕ್ಕಳು.

ಹನ್ನೊಂದರ ಸುಮಾರಿಗೆ ಇಸ್ತ್ರಿಯಕ್ಕ ಅವಳನ್ನು ಕರೆದಳು. ಉಡುಪಿನ ಕೋಣೆಯಲ್ಲಿ ಹಿಂದೆ ಜೊತೆಗೆ ಕೆಲಸ ಮಾಡಿದ ಹೆಂಗಸು; ಅಂಗಿಯ ಸುಕ್ಕು ಎಲ್ಲಿದ್ದರೂ ಕಾಣುತ್ತಿತ್ತು, ಅಕ್ಷರ ಮಾತ್ರ ಅಷ್ಟಾಗಿ ಕಾಣುತ್ತಿರಲಿಲ್ಲ. ದಿನದ ಕೆಲಸದ ಪಟ್ಟಿಯನ್ನು ಮುಂದೆ ಹಿಡಿದು, ಐದನೆಯದು ಹೊಸದಾಗಿ ಸೇರಿಸಿದ್ದಾರೆ, ಬಿಳಿ ಫ್ರಾಕು ಇಸ್ತ್ರಿ ಮಾಡು ಅಂದಿದ್ದಾರೆ, ತೋಳಿನದೋ ತೋಳಿಲ್ಲದ್ದೋ ನೋಡಿ ಹೇಳು ಎಂದಳು.

ಐದನೆಯ ಸಾಲನ್ನು ಬೇರೆ ಟೈಪ್‌ರೈಟರಿನಲ್ಲಿ ಹೊಡೆದಿದ್ದರು. ‘ನಾಲ್ಕು ಗಂಟೆ. ಸುದ್ದಿಚಿತ್ರ. ತಂದೆಯ ಮರಣದ ಪತ್ರವನ್ನು ಬೇಬಿಗೆ ಕೊಡುವುದು. ಹತ್ತಿರದ ಶಾಟ್. ಬಿಳಿ ಫ್ರಾಕ್. ಅಳು ಇಲ್ಲ.’

ಬೇಬಿಯಮ್ಮ ಎರಡು ಸಲ ಓದಿದಳು. ಇದು ಯಾವ ಸಿನಿಮಾದ ತಂದೆ ಎಂದು ಇಸ್ತ್ರಿಯಕ್ಕ ಕೇಳಿದಾಗ ಅವಳು ಕೈಚೀಲದಿಂದ ಕಾಗದ ತೆಗೆದು ಇಸ್ತ್ರಿಯ ಮೇಜಿನ ಮೇಲಿಟ್ಟಳು. ಓದಲು ಬಾರದಿದ್ದರೂ ಆ ಮುದ್ರೆಯ ಕಾಗದ ಏನೆಂದು ಆ ವರ್ಷಗಳಲ್ಲಿ ಎಲ್ಲರಿಗೂ ಗೊತ್ತಿತ್ತು. ಇಸ್ತ್ರಿಯಕ್ಕ ಕಾದ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟು, ಗೆಳತಿಯ ಬೆನ್ನಿನ ಮೇಲೆ ಕೈಯಿಟ್ಟಳು. “ಅವರ ಬಾಯಿಂದ ಕೇಳೋ ಮೊದಲು ನೀನೇ ಹೇಳು. ಹೆತ್ತವಳು ನೀನು,” ಎಂದಳು.

ಆದರೂ ಬೇಬಿಯಮ್ಮ ಮೊದಲು ಅಧಿಕಾರಿಯ ಬಳಿಗೇ ಹೋದಳು. ಅವರು ಕುರ್ಚಿಯಿಂದ ಎದ್ದು ನಿಂತು ಮಾತಾಡಿದರು. ಎರಡು ದಿನದ ಹಿಂದೆಯೇ ಸತ್ತವರ ಪಟ್ಟಿ ಕಚೇರಿಗೆ ಬಂದಿತ್ತಂತೆ. ಕಾಗದವನ್ನು ಇವತ್ತು ಸಂಜೆಯವರೆಗೆ ತಡೆಹಿಡಿಯಲು ಹೇಳಿದ್ದರಂತೆ, ಟಪಾಲಿನವರು ಕೇಳಲಿಲ್ಲ, ಅದಕ್ಕೆ ಕ್ಷಮೆ ಇರಲಿ ಎಂದರು. ಊರಿನಲ್ಲಿ ಹತ್ತರಲ್ಲಿ ಒಂದು ಮನೆಗೆ ಈ ಕಾಗದ ಬಂದಿದೆ. ಆ ಮನೆಗಳ ಮಕ್ಕಳು ಹೇಗೆ ನಿಲ್ಲಬೇಕು ಅಂತ ಯಾರು ತೋರಿಸಬೇಕು? ಅವರಿಗೆಲ್ಲ ಗೊತ್ತಿರುವ ಮಗು ಇದೊಂದೇ. ಇದನ್ನು ಅವರು ಯಾವ ಕಪಟವೂ ಇಲ್ಲದೆ, ಲೆಕ್ಕ ಬಿಡಿಸಿ ತೋರಿಸುವ ಹಾಗೆ ಹೇಳಿದರು. ಬೇಬಿಯಮ್ಮ ಕೈಚೀಲವನ್ನು ಎದೆಗೆ ಒತ್ತಿಕೊಂಡಳು. ಮೊದಲು ತಾನೇ ಮಗಳಿಗೆ ಹೇಳಬಹುದೇ ಎಂದಷ್ಟೇ ಕೇಳಿದಳು. ಅವರು ಗಡಿಯಾರ ನೋಡಿ, ಬೇಡ, ಮುಂಚೆಯೇ ಅತ್ತರೆ ಮುಖ ಊದಿಕೊಳ್ಳುತ್ತದೆ, ನಾಲ್ಕರವರೆಗೆ ತಾಳಿಕೊಳ್ಳಿ ಎಂದರು. ಬೇಬಿಯಮ್ಮ ಆಗಲಿ ಎಂದು ತಲೆಯಾಡಿಸಿದಳು.

ಊಟದ ಬಿಡುವಾದ ಕೂಡಲೇ ಮಗಳ ಕೈಹಿಡಿದು ರೈಲುಡಬ್ಬಿಯೊಳಗೆ ಕರೆದುಕೊಂಡು ಹೋದಳು.

ಹೊರಗಿನಿಂದ ಅದು ಬಣ್ಣ ಬಳಿದ ಕಿಟಕಿಗಳ ರೈಲು. ಒಳಗೆ ಬರೀ ಹಲಗೆಗಳು, ಆಸರೆಯ ಕೋಲುಗಳು, ಬಗ್ಗಿಸಿ ಹೊಡೆದ ಮೊಳೆಗಳು, ಅಲ್ಲಲ್ಲಿ ಬಡಗಿ ಪೆನ್ಸಿಲಿನಲ್ಲಿ ಗುರುತು ಹಾಕಿದ ಅಳತೆಗಳು. ತಾಯಿ ಮಗಳು ಯಾವಾಗಲೂ ಊಟಕ್ಕೆ ಕೂರುತ್ತಿದ್ದದ್ದು ಅಲ್ಲೇ. ಮಗಳು ಫ್ರಾಕು ಕೊಳೆಯಾಗದಂತೆ ಎತ್ತಿಕೊಂಡು ಅಡ್ಡಹಲಗೆಯ ಮೇಲೆ ಕೂತಳು. ಊಟದ ಡಬ್ಬಿ ಬಿಚ್ಚುವ ಮೊದಲೇ ಬೇಬಿಯಮ್ಮ ಅವಳ ಮುಂದೆ ಮೊಣಕಾಲೂರಿದಳು.

“ಗುಲಗಂಜಿ, ಅಪ್ಪ ತೀರಿಹೋದರು ಕಣೇ.”

ಮಗಳು ಅವಳನ್ನು ನೋಡಿದಳು. ಗಲ್ಲ ನಡುಗಿತು. ತುಟಿ ಅರ್ಧ ತೆರೆಯಿತು. ಎಡಗಣ್ಣು ತುಂಬಿ, ಒಂದು ಹನಿ ನಿಧಾನಕ್ಕೆ ಇಳಿದು, ಬಣ್ಣವನ್ನು ಕೆಡಿಸದೆ ಕೆನ್ನೆಯ ಅರ್ಧಕ್ಕೆ ಬಂದಿತು. ಆಮೇಲೆ ಬಲಗಣ್ಣು. ಬಿಕ್ಕುವಾಗಲೂ ಮುಖ ಹಾಗೇ ಬೆಳಕಿನ ಕಡೆಗಿತ್ತು. ಅದು ಹೋದ ವರ್ಷದ ಪೋಸ್ಟರಿನಷ್ಟೇ ಚೆನ್ನಾಗಿತ್ತು.

ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಮಗಳು ಕಿರುಬೆರಳ ತುದಿಯಿಂದ ಕಣ್ಣಿನಡಿಯನ್ನು ಒತ್ತಿಕೊಂಡಳು, ಮೇಕಪ್ಪಿನವರು ಕಲಿಸಿದ್ದ ಹಾಗೆ.

“ಇವತ್ತು ಅಳು ಇಲ್ಲ ಅಂದಿದ್ರಲ್ಲಮ್ಮ. ಬದಲಾಯಿಸಿದ್ರಾ?”

ಬೇಬಿಯಮ್ಮ ಮಗಳ ಎರಡೂ ಕೈ ಹಿಡಿದುಕೊಂಡಳು.

“ಸರಿಯಾಗಿ ಬಂತಾ? ಹಾಗಾದ್ರೆ ಹೇಳು ಮತ್ತೆ.”

“ಏನು ಹೇಳ್ಲಿ?”

“ಅದೇ. ಸುಳ್ಳು ಅಂತ.”

ಮೂರು ವರ್ಷದಿಂದ ಮಗಳು ಪ್ರತಿ ಸಲವೂ ಆ ಮಾತಿಗಾಗಿ ಕಾದಿದ್ದಳು, ಪ್ರತಿ ಸಲವೂ ಅದು ಸಿಕ್ಕಿತ್ತು. ಈಗಲೂ ಕತ್ತು ಮುಂದೆ ಚಾಚಿ, ಅವುಚಿಕೊಳ್ಳುವುದಕ್ಕೆ ಜಾಗ ಬಿಟ್ಟು ಕಾಯುತ್ತಿದ್ದಳು. ಬೇಬಿಯಮ್ಮನಿಗೆ ಒಂದು ಕ್ಷಣ ಹೇಳಿಬಿಡೋಣ ಅನ್ನಿಸಿತು. ಸುಳ್ಳು ಮರಿ, ಎಲ್ಲ ಸುಳ್ಳು. ಎಷ್ಟು ಹಗುರದ ಮಾತು. ಹೇಳಿದರೆ ಮಗಳು ಊಟ ಮಾಡುತ್ತಾಳೆ, ನಗುತ್ತಾಳೆ, ನಾಲ್ಕು ಗಂಟೆಯವರೆಗೆ ಅಪ್ಪ ಬದುಕಿರುತ್ತಾನೆ. ಆಮೇಲೆ ದೀಪದ ಕೆಳಗೆ ಒಬ್ಬ ಗಣಿತದ ಮೇಷ್ಟ್ರು ಅವಳ ಕೈಗೆ ಕಾಗದ ಕೊಡುತ್ತಾರೆ.

“ಸುಳ್ಳಲ್ಲ ಮರಿ,” ಎಂದಳು. “ಈ ಸಲ ಸುಳ್ಳಲ್ಲ.”

ಮಗಳು ನಕ್ಕಳು. ಅಮ್ಮನ ಹೊಸ ವರಸೆ ಇದು ಅಂದುಕೊಂಡಳೇನೋ. ನೀನು ಹೀಗೆಲ್ಲ ಅಂದ್ರೆ ಜಾಸ್ತಿ ಅಳು ಬರುತ್ತೆ, ಆಮೇಲೆ ಮೂಗು ಕೆಂಪಾಗುತ್ತೆ, ಡೈರೆಕ್ಟರು ಬೈತಾರೆ ಎಂದಳು. ಬೇಬಿಯಮ್ಮ ಕಾಗದ ತೆಗೆದುಕೊಟ್ಟಳು. ಮಗಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮುದ್ರೆ ಬಲು ಚೆನ್ನಾಗಿ ಮಾಡಿದ್ದಾರೆ ಎಂದು ವಾಪಸು ಕೊಟ್ಟಳು. ಸೆಟ್ಟಿನಲ್ಲಿ ಇಂಥ ಕಾಗದಗಳನ್ನು ಅವಳು ಹತ್ತಾರು ನೋಡಿದ್ದಳು. ಕಲಾವಿಭಾಗದವರು ಒಂದು ಗಂಟೆಯಲ್ಲಿ ನಾಲ್ಕು ಮಾಡಿಕೊಡುತ್ತಿದ್ದರು. ನನ್ನ ಆಣೆ, ನಿನ್ನ ಆಣೆ ಎಂದಳು ತಾಯಿ. ಅಜ್ಜಿ ಬಚ್ಚಲಲ್ಲಿ ಬಿದ್ದಾಗಲೂ ಆಣೆ ಹಾಕಿದ್ದೆ ಎಂದಳು ಮಗಳು. ಅದೂ ನಿಜವಾಗಿತ್ತು.

ಮಗಳ ನಗು ಸ್ವಲ್ಪ ಸ್ವಲ್ಪವಾಗಿ ತೆಳುವಾಗತೊಡಗಿತು. ಎಷ್ಟು ಹೊತ್ತಾದರೂ ಬರಬೇಕಾದ ಮಾತು ಬರಲಿಲ್ಲವಲ್ಲ.

“ಹೇಗೆ ಸತ್ತ್ರು?” ಎಂದು ಕೇಳಿದಳು, ಪರೀಕ್ಷೆ ಮಾಡುವವಳ ಹಾಗೆ.

“ಗೊತ್ತಿಲ್ಲ.”

“ಎಲ್ಲಿ?”

“ಅದೂ ಬರೆದಿಲ್ಲ ಮರಿ.”

“ಬೂಟು ಹಾಕಿದ್ರಾ? ಪಕ್ಕದಲ್ಲಿ ಯಾರಿದ್ರು? ಕೊನೇಲಿ ಏನಂದ್ರು?”

ಬೇಬಿಯಮ್ಮ ಬಾಯಿ ತೆರೆದಳು. ಮೂರು ವರ್ಷ ಇಂಥ ಪ್ರಶ್ನೆಗಳಿಗೆ ಅವಳ ಬಳಿ ಚೀಲದ ತುಂಬ ಉತ್ತರಗಳಿದ್ದವು. ಈಗ ಹುಡುಕಿದರೆ ಒಂದೂ ಸಿಗಲಿಲ್ಲ. ಯಾವ ದಿನ, ಯಾವ ಹೊತ್ತು, ಬಿಸಿಲೋ ಚಳಿಯೋ, ಹೊಟ್ಟೆಗೆ ತಿಂದಿದ್ದನೋ ಇಲ್ಲವೋ, ಸತ್ತ ಗಂಡನ ಬಗ್ಗೆ ಅವಳಿಗೆ ಏನೇನೂ ಗೊತ್ತಿರಲಿಲ್ಲ. “ನಂಗೇನೂ ಗೊತ್ತಿಲ್ಲ ಕಣೇ,” ಎಂದಳು. ಹಾಗೆನ್ನುತ್ತಿದ್ದಂತೆ, ಬೆಳಗಿನಿಂದ ಒಂದು ಕಡೆ ನಿಲ್ಲದವಳು ಹಲಗೆಯ ನೆಲದ ಮೇಲೆ ಕೂತುಬಿಟ್ಟಳು. ಕಣ್ಣೀರು ಬಂತು, ಮೂಗಿನಿಂದಲೂ ಬಂತು. ಒರೆಸಿಕೊಳ್ಳಲಿಲ್ಲ.

ಮಗಳು ಅಮ್ಮ ಅಳುವುದನ್ನು ಅದುವರೆಗೆ ನೋಡಿರಲಿಲ್ಲ. ಅಳಿಸುವುದಷ್ಟೇ ಅಮ್ಮನ ಕೆಲಸವಾಗಿತ್ತು. ಬಹಳ ಹೊತ್ತು ನೋಡಿದಳು. ಹುಡುಗಿಯ ಮುಖದಿಂದ ನಗುವೂ ಅನುಮಾನವೂ ಒಂದೊಂದಾಗಿ ಮಾಯವಾದವು. ಕಣ್ಣು ಒಣಗಿಯೇ ಇತ್ತು.

“ಅಮ್ಮ, ಮನೆಗೆ ಹೋಗೋಣ,” ಎಂದಳು.

ಇಸ್ತ್ರಿಯಕ್ಕನ ಕೋಣೆಯಲ್ಲಿ ಮುಖ ತೊಳೆಸಿ, ಸ್ಟುಡಿಯೋದ ಬಟ್ಟೆ ಬಿಚ್ಚಿಸಿ, ಮನೆಯ ಬಟ್ಟೆ ತೊಡಿಸಿದರು. ಬಾಗಿಲಿನಲ್ಲಿ ಅಧಿಕಾರಿ ಎದುರಾದರು. ಹೇಳಿಬಿಟ್ಟಿರಾ ಎಂದು ಕೇಳಿದರು, ಅದರಲ್ಲಿ ಕೋಪವಿರಲಿಲ್ಲ. ಆಮೇಲೆ ಮಗುವಿನ ಮುಖ ನೋಡಿ ಅವರ ದನಿ ಇನ್ನೂ ಇಳಿಯಿತು. ಇದೇ ಮುಖ, ಇಷ್ಟು ದಿನ ಕೇಳುತ್ತಿದ್ದದ್ದು ಇದನ್ನೇ, ಮಗು ಅಳುತ್ತಲೂ ಇಲ್ಲ, ಐದೇ ನಿಮಿಷ ಸುಮ್ಮನೆ ನಿಂತರೆ ಸಾಕು, ಪತ್ರ ಓದುವುದೂ ಬೇಡ ಎಂದರು. ಅವರ ಹಿಂದೆ ಡೈರೆಕ್ಟರು ಇನ್ನೂ ಬಾಕಿಯಿದ್ದ ಎರಡು ಶಾಟುಗಳ ಬಗ್ಗೆ, ಕರಾರಿನ ಬಗ್ಗೆ, ನೂರು ಜನ ಕಾಯುತ್ತಿರುವುದರ ಬಗ್ಗೆ ಹೇಳುತ್ತಿದ್ದರು.

ಮಗಳು ಅಮ್ಮನ ಹಿಂದೆ ಸರಿದಳು.

“ಈ ಮುಖ ತೋರಿಸೋಕಲ್ಲ ಸಾಹೇಬ್ರೆ,” ಎಂದಳು ಬೇಬಿಯಮ್ಮ. “ಇದು ಇವಳಪ್ಪನಿಗೆ.”

ಇನ್ನು ಮುಂದೆ ಕಾರು ಬರುತ್ತದೋ ಇಲ್ಲವೋ, ಅದು ನಾಳೆಯ ಮಾತು. ಇಸ್ತ್ರಿಯಕ್ಕ ಹಿಂಬಾಗಿಲು ತೆಗೆದುಕೊಟ್ಟಳು.

ಟ್ರಾಮಿನಲ್ಲಿ ಮಗಳು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಬಣ್ಣವಿಲ್ಲದ, ಎಣ್ಣೆ ಹಚ್ಚಿದ ತಲೆಯ ಹುಡುಗಿಯನ್ನು ಯಾರೂ ಗುರುತಿಸಲಿಲ್ಲ. ಬೇಬಿಯಮ್ಮ ಅವಳ ಕೈಯ ಹತ್ತಿರ ತನ್ನ ಕೈಯಿಟ್ಟು, ಹಿಡಿಯದೆ ಹಾಗೇ ಬಿಟ್ಟಳು. ಇಳಿಯುವ ನಿಲ್ದಾಣ ಹತ್ತಿರ ಬಂದಾಗ ಮಗಳು ತಿರುಗದೆಯೇ ಮಾತಾಡಿದಳು.

“ಅಜ್ಜಿಗೆ ನಾನೇ ಹೇಳ್ತೀನಿ. ನೀನು ಹೇಳಿದ್ರೆ ನಂಬಲ್ಲ.”

ಅದರಲ್ಲಿ ಕುಟುಕಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಕುಟುಕಿದ್ದರೆ ತಾಯಿಗೆ ಸುಲಭವಾಗುತ್ತಿತ್ತು. ಸರಿ ಎಂದಳು.

ಅತ್ತೆ ಆಗಷ್ಟೇ ಬಂದು, ನಿಂತು ನಿಂತು ಬಾತುಹೋದ ಪಾದಗಳನ್ನು ಬೆಚ್ಚನೆಯ ನೀರಿನ ಬೇಸಿನ್ನಿನಲ್ಲಿಟ್ಟುಕೊಂಡು ಕೂತಿದ್ದರು. ಏನು, ಇಷ್ಟು ಬೇಗ? ದೇಶ ಗೆದ್ದುಬಿಟ್ಟಿತೇ ಎಂದು ನಗೆಯಾಡಿದರು. ಮಗಳು ಅವರ ಎದುರಿಗೆ ಹೋಗಿ ನಿಂತಳು. ಕೈ ಎರಡೂ ಪಕ್ಕಕ್ಕೆ, ಬೆನ್ನು ನೇರ, ನೂರು ಜನರೆದುರು ನಿಲ್ಲುವ ಹಾಗೆ. ಅಜ್ಜಿ ಎಂದಳು. ಮತ್ತೊಮ್ಮೆ ಅಜ್ಜಿ ಎಂದಳು. ಅವಳು ತಿರುಗಿ ತಾಯಿಯ ಮುಖ ನೋಡಿದಳು.

ಬೇಬಿಯಮ್ಮ ಬಂದು ಮಗಳ ಪಕ್ಕದಲ್ಲಿ ನಿಂತಳು. ಮಾತಿಗೆ ಮೆತ್ತೆ ಹಾಕಲಿಲ್ಲ, ಸುತ್ತಿ ಬಳಸಲಿಲ್ಲ.

“ಅತ್ತೆ, ನಿಮ್ಮ ಮಗ ತೀರಿಹೋದರು. ಬೆಳಿಗ್ಗೆ ಕಾಗದ ಬಂತು.”

ಅತ್ತೆ ಸೊಸೆಯನ್ನು ದಿಟ್ಟಿಸಿದರು. ಆ ಬಾಯಿ ಏನೇನು ಹೇಳಬಲ್ಲದೆಂದು ಅವರಿಗೆ ಗೊತ್ತಿತ್ತು. ಅವರ ಕಣ್ಣು ಅವಳನ್ನು ಬಿಟ್ಟು ಮೊಮ್ಮಗಳ ಕಡೆ ಹೋಗಿ, ಅಲ್ಲಿ ನಿಂತು, ನಿಜವೇ ಎಂದು ಕೇಳಿತು.

“ನಿಜ ಅಜ್ಜಿ,” ಎಂದಳು ಗುಲಗಂಜಿ. “ಅಮ್ಮ ನಿಜ ಹೇಳ್ತಿದ್ದಾಳೆ.”

ಆಮೇಲೆ ನೆಲದ ಮೇಲೆ ಕೂತು, ಅಜ್ಜಿಯ ಒದ್ದೆ ಪಾದವನ್ನು ಮಡಿಲಿಗೆ ಎಳೆದುಕೊಂಡು, ಅದರ ಮೇಲೆ ಬಗ್ಗಿ ಅತ್ತಳು. ಕೆಟ್ಟದಾಗಿ, ಬಾಯಿ ಸೊಟ್ಟ ಮಾಡಿಕೊಂಡು, ಉಸಿರು ಕಟ್ಟಿಕೊಂಡು, ಯಾರಿಗೂ ಮುಖ ಕಾಣದ ಹಾಗೆ.